ಮುರಿದ ರೊಟ್ಟಿಯ ಗುರುತು

ಶಿಆನ್ ಊರಿನ ದಾಪೀ ಓಣಿಯಲ್ಲಿ ಮು ಚಾಂಗ್‌ಹೆಯ ಮುಖ ನೋಡಿದವರು ಕಡಿಮೆ, ಅವನ ಕೈಯಡುಗೆ ಉಣ್ಣದವರು ಅದಕ್ಕಿಂತ ಕಡಿಮೆ. ಬೆಳಿಗ್ಗೆ ಅಂಗಡಿಯ ಹಿಂಬಾಗಿಲಿನಿಂದ ಒಳಗೆ ಹೋದರೆ, ಒಲೆ ಆರಿದ ಮೇಲೆ ಅದೇ ಬಾಗಿಲಿನಿಂದ ಹೊರಗೆ. ಜನ ಕೂತು ಉಣ್ಣುವ ಮುಂದಿನ ಹಜಾರಕ್ಕೆ ಅವನು ಕಾಲಿಟ್ಟದ್ದು ಯಾರಿಗೂ ನೆನಪಿಲ್ಲ. ಹಜಾರಕ್ಕೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿಯಿದೆ. ಬಟ್ಟಲು ಒಳಗೆ ಬರುವುದೂ ಹೊರಗೆ ಹೋಗುವುದೂ ಅದರಲ್ಲೇ. ಹೊರಗಿನ ಜಗತ್ತು ಅವನಿಗೆ ಕಾಣುತ್ತಿದ್ದುದು ಆ ಕಿಂಡಿಯ ಅಗಲಕ್ಕಷ್ಟೇ.

ಆ ಅಂಗಡಿಯಲ್ಲಿ ಸಿಗುವುದು ಒಂದೇ, ಕುರಿಮಾಂಸದ ಸಾರಿನಲ್ಲಿ ಕುದಿಸಿದ ರೊಟ್ಟಿ. ಹಾಗಂತ ಕೂತ ತಕ್ಷಣ ಊಟ ಮುಂದೆ ಬಂದುಬಿಡುತ್ತದೆ ಅಂದುಕೊಂಡರೆ ಕೆಟ್ಟಿರಿ. ಮೊದಲು ಕೈ ತೊಳೆಯಬೇಕು. ಆಮೇಲೆ ಒಂದು ಖಾಲಿ ಬಟ್ಟಲು, ಎರಡು ಗಟ್ಟಿ ರೊಟ್ಟಿ ಕೊಡುತ್ತಾರೆ. ಅದನ್ನು ನೀವೇ ಕೂತು ಚಿವುಟಬೇಕು, ಅವರೆಕಾಳಿಗಿಂತ ಸಣ್ಣಗೆ. ಊರಿನ ಮುದುಕರು ಈ ಕೆಲಸದಲ್ಲಿ ಅರ್ಧ ಬೆಳಗು ಕಳೆಯುತ್ತಾರೆ. ಮಗಳ ಮದುವೆ, ಸೊಸೆಯ ಮೇಲಿನ ದೂರು, ಪಕ್ಕದ ಮನೆಯವನ ಹೊಸ ಕಾರು, ಎಲ್ಲ ಆ ಚಿವುಟುವಿಕೆಯಲ್ಲೇ ಮುಗಿಯುತ್ತದೆ. ಚೂರು ಸಿದ್ಧವಾದ ಮೇಲೆ ಬಟ್ಟಲಿಗೊಂದು ನಂಬರಿನ ಬಿಲ್ಲೆ ಸಿಕ್ಕಿಸಿ ಕಿಂಡಿಗೆ ಕಳಿಸುತ್ತಾರೆ. ಒಳಗೆ ಒಂದು ಬಟ್ಟಲಿಗೆ ಒಂದು ಬಾಣಲೆ. ಒಬ್ಬರ ಕೈ ಮುರಿದದ್ದು ಇನ್ನೊಬ್ಬರ ಹೊಟ್ಟೆಗೆ ಹೋಗುವ ಹಾಗಿಲ್ಲ.

ಹಾಗಾಗಿ ಮು ಜನರನ್ನು ಗುರುತು ಹಿಡಿಯುತ್ತಿದ್ದುದು ಚೂರುಗಳಿಂದ. ಗಡಿಯಾರದಂಗಡಿಯ ಮುದುಕನ ಚೂರು ಒಂದೇ ಅಳತೆಯವು, ಹೆಂಡತಿಯ ಜೊತೆ ಜಗಳವಾಡಿ ಬಂದ ದಿನ ಮಾತ್ರ ಹಿಟ್ಟಾಗಿರುತ್ತಿದ್ದವು. ಮಸೀದಿಯ ಪಕ್ಕದ ದರ್ಜಿಯವು ಉದ್ದುದ್ದ. ಊರು ನೋಡಲು ಬಂದ ಹೊರಗಿನವರದ್ದಂತೂ ಕೇಳಲೇಬೇಡಿ, ರಸ್ತೆಗೆ ಹಾಕುವ ಜಲ್ಲಿ. ಅಂಥ ಬಟ್ಟಲು ಬಂದರೆ ಅಡುಗೆಯವರು ಮೂಗು ಮುರಿಯುತ್ತಾರೆ. ಮು ಮೂಗನ್ನೂ ಮುರಿಯುತ್ತಿರಲಿಲ್ಲ, ತುಟಿ ಪಿಟಕ್ಕೆನ್ನದೆ ಕುದಿಸಿ ಕಳಿಸುತ್ತಿದ್ದ.

ಅವನ ಅಪ್ಪ ಕುರಿ ಕಡಿಯುವವನು. ಮಗನಿಗೆ ಮೀಸೆ ಚಿಗುರುವ ವಯಸ್ಸಿನಲ್ಲಿ ಕರೆತಂದು ಈ ಒಲೆಯ ಮುಂದೆ ನಿಲ್ಲಿಸಿ, "ಕೈ ಆಡ್ಲಿ, ಬಾಯಿ ಆಡೋದು ಬೇಡ" ಎಂದು ಹೇಳಿ ಹೋದ. ಅಪ್ಪಂದಿರು ಹೀಗೆ ಸಾವಿರ ಹೇಳುತ್ತಾರೆ, ಯಾರು ಕೇಳುತ್ತಾರೆ? ಈ ಪುಣ್ಯಾತ್ಮ ಕೇಳಿದ. ಅಪ್ಪ ತೀರಿಕೊಂಡ ದಿನ ಮಧ್ಯಾಹ್ನ ಮಣ್ಣು ಮಾಡಿ ಬಂದು ಸಂಜೆ ಒಲೆ ಹಚ್ಚಿದ. "ಎಂಥಾ ಗಟ್ಟಿ ಜೀವ ನೋಡ್ರಪ್ಪ" ಎಂದು ಓಣಿಯವರು ಹೊಗಳಿದರು. ಗಟ್ಟಿಯೂ ಇಲ್ಲ, ಗಿಟ್ಟಿಯೂ ಇಲ್ಲ. ಅವನಿಗೆ ಏನೂ ಅನ್ನಿಸಿರಲಿಲ್ಲ, ಅಷ್ಟೇ. ಏನಾದರೂ ಅನ್ನಿಸಬೇಕು ಎಂದು ಗೊತ್ತಿತ್ತು. ಅದಕ್ಕಾಗಿ ಕಾದ. ಅದು ಬರಲಿಲ್ಲ, ಅವನು ಕಾಯುವುದನ್ನು ಬಿಟ್ಟ.

ಮದುವೆಯಾದದ್ದು ಪಿಂಗ್‌ಲಿಯಾಂಗ್ ಕಡೆಯ ಮಾ ಸುಯೂನ್ ಎಂಬವಳನ್ನು. ಅವಳೋ ಅರಳು ಹುರಿದಂತೆ ಮಾತಾಡುವವಳು. ಬೇಕಾದದ್ದನ್ನು ಬೇಡ ಅನ್ನುವ, ಬೇಡದ್ದನ್ನು ಬೇಕು ಅನ್ನುವ ಚಾಳಿ ಬೇರೆ. "ಹೊಸ ಬಟ್ಟೆ ತರ್ಬೇಡ" ಅಂದರೆ ತರಬೇಕು ಎಂದರ್ಥ. ಇಷ್ಟನ್ನು ಮು ಕಲಿತಿದ್ದ. ಅವಳು ಅದಕ್ಕಿಂತ ಮುಂದಕ್ಕೆ ಏನನ್ನೋ ಕೇಳುತ್ತಿದ್ದಳು, ಅದು ಏನೆಂದು ಅವನಿಗೆ ಹೊಳೆಯಲಿಲ್ಲ. "ನಾನು ಮನುಷ್ಯನ ಜೊತೆ ಅಲ್ಲ, ಹೊಗೆ ಕೊಳವೆ ಜೊತೆ ಸಂಸಾರ ಮಾಡ್ತಿದೀನಿ" ಎಂದು ನೆರೆಮನೆಯವರ ಹತ್ತಿರ ನಕ್ಕು ಹೇಳುತ್ತಿದ್ದಳು. ಮೊದಮೊದಲು ನಕ್ಕೇ ಹೇಳುತ್ತಿದ್ದಳು.

ಒಂದು ಸಂಜೆ ಅವನು ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದಾಗ ಸುಯೂನ್ ಮಗಳು ಯಾನ್‌ಯಾನ್‌ಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು ನಿಂತಳು. ಮಗುವಿಗೆ ಆಗಿನ್ನೂ ನಾಲ್ಕು ವರ್ಷ ತುಂಬಿರಲಿಲ್ಲ.

"ನಾನು ಊರಿಗೆ ಹೋಗ್ತೀನಿ. ವಾಪಸ್ ಬರಲ್ಲ" ಎಂದಳು.

"ಹೂಂ" ಎಂದ ಮು.

ಅವಳು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದಳು. ಅವನು ಇನ್ನೊಂದು ಕಾಲು ತೊಳೆದ. ಮುಗಿಸಿ ಎದ್ದು ನೋಡುವಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. ಹೇಳಿಬಿಡುತ್ತೇನೆ, ಆ 'ಹೂಂ' ಎಂಬುದನ್ನು ನೆನೆಸಿಕೊಂಡರೆ ನನಗೇ ಮೈ ಉರಿಯುತ್ತದೆ. ಪಿಂಗ್‌ಲಿಯಾಂಗ್ ಏನು ಚಂದ್ರಲೋಕವೇ? ರೈಲು ಹತ್ತಿದರೆ ಬೆಳಗಾಗುವುದರೊಳಗೆ ಊರು. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಹೋಗಲಿಲ್ಲ. ವಿಚ್ಛೇದನದ ಕಾಗದಪತ್ರ ಬಂದಾಗ ಎಲ್ಲಿ ತೋರಿಸಿದರೋ ಅಲ್ಲಿ ಸಹಿ ಹಾಕಿದ. ಮರುದಿನ ಬಂದು ಬಾಣಲೆ ಹಿಡಿದ. ಆಗಲೂ ಕಾದ, ಆಗಲೂ ಏನೂ ಅನ್ನಿಸಲಿಲ್ಲ. ಬರುಬರುತ್ತಾ ಒಲೆಯ ಕಾವೂ ಅವನಿಗೆ ತಾಗುತ್ತಿರಲಿಲ್ಲ. ಮುಂಗೈ ಸುಟ್ಟದ್ದನ್ನು ಬೇರೆಯವರು ನೋಡಿ ಹೇಳಬೇಕಾಗಿತ್ತು.

ಹೀಗಿರುವಾಗ ಕಳೆದ ಚಳಿಗಾಲದ ಒಂದು ಗುರುವಾರ, ಹೊರಗಿನವರ ಜಲ್ಲಿ ಬಟ್ಟಲುಗಳ ಸಾಲಿನ ನಡುವೆ ಕಿಂಡಿಯಲ್ಲಿ ಒಂದು ಬಟ್ಟಲು ಬಂತು. ಚೂರುಗಳು ಸಣ್ಣಗೆ, ಒಂದೊಂದಕ್ಕೂ ಒಂದು ಬದಿಯಲ್ಲಿ ರೊಟ್ಟಿಯ ಗಟ್ಟಿ ಹೊರಪದರ. ಮೇಲೆ, ಎರಡೂ ರೊಟ್ಟಿಯ ನಡುಭಾಗ ನಾಣ್ಯದಗಲ ಹಾಗೇ ಮುರಿಯದೆ ಇಟ್ಟಿತ್ತು.

ಹಾಗೆ ಚಿವುಟುತ್ತಿದ್ದುದು ಈ ಭೂಮಿಯ ಮೇಲೆ ಸುಯೂನ್ ಒಬ್ಬಳೇ. ಅಂಚಿನಿಂದ ಸುತ್ತ ಚಿವುಟುತ್ತಾ ಬಂದು, ಮೆತ್ತಗಿನ ನಡುವನ್ನು ಉಳಿಸುತ್ತಿದ್ದಳು. ಸಾರಿನಲ್ಲಿ ನೆನೆದು ಉಬ್ಬಿದ ಆ ಎರಡು ಬಿಲ್ಲೆಗಳನ್ನು ಮಗುವಿನ ಬಾಯಿಗೆ ಇಡುತ್ತಿದ್ದಳು.

ಮುವಿನ ಎದೆ ಧಸಕ್ಕೆಂದಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಅವನು ಬಟ್ಟಲನ್ನು ನೋಡುತ್ತಾ ನಿಂತ. ಬಾಣಲೆಯಲ್ಲಿದ್ದ ಇನ್ಯಾರದೋ ಸಾರು ಬತ್ತಿ ಸೀದ ವಾಸನೆ ಬಂತು.

"ಅಯ್ಯೋ ಉಸ್ತಾದ್, ನಿದ್ದೆ ಬಂತಾ?" ಎಂದು ಕಿಂಡಿಯಲ್ಲಿ ಮುಖ ತೂರಿಸಿದಳು ಜಿನ್‌ಲಾನ್. ಹಜಾರದಲ್ಲಿ ಬಟ್ಟಲು ಓಡಾಡಿಸುವವಳು, ನಾಲಿಗೆ ಚೂರಿಯಂಥದ್ದು, ಮನಸ್ಸು ಅಷ್ಟು ಕೆಟ್ಟದ್ದಲ್ಲ. "ಹದಿನೇಳನೇ ನಂಬರಿಗೆ ಕೋಟೆ ಸುತ್ತ ನೀರು!"

ಕೋಟೆ ಸುತ್ತ ನೀರು ಅಂದರೆ ನಡುವೆ ರೊಟ್ಟಿಯ ಗುಡ್ಡೆ, ಸುತ್ತ ಧಾರಾಳ ಸಾರು. ಸುಯೂನ್ ಅದನ್ನು ಮುಟ್ಟುತ್ತಲೂ ಇರಲಿಲ್ಲ. ಅವಳಿಗೆ ಬೇಕಾದದ್ದು ಗುಟುಕು, ಎಲ್ಲ ಉಂಡ ಮೇಲೆ ತಳದಲ್ಲಿ ಒಂದೇ ಗುಟುಕು ಸಾರು ಉಳಿಯುವ ಹಾಗೆ. ಚಾಳಿ ಬಿಟ್ಟಿಲ್ಲ, ಈಗಲೂ ಬೇಡದ್ದನ್ನೇ ಕೇಳುತ್ತಾಳೆ ಅಂದುಕೊಂಡ ಮು. ಗುಟುಕೇ ಮಾಡಿ ಕಳಿಸಿದ, ಕೊಬ್ಬಿರುವ ಒಂದು ಮಾಂಸದ ತುಂಡು ಹೆಚ್ಚಿಗೆ ಹಾಕಿ. ಬಟ್ಟಲು ಒರೆಸಿದ ಹಾಗೆ ಖಾಲಿಯಾಗಿ ವಾಪಸ್ಸು ಬಂತು.

ಅಂದಿನಿಂದ ಗುರುವಾರ ಗುರುವಾರ ಅದೇ ಕತೆ. ಹೊರಗಿನವರ ಗುಂಪೊಂದು ಬರುತ್ತಿತ್ತು, ಜಲ್ಲಿಗಳ ನಡುವೆ ಆ ಬಟ್ಟಲೂ ಬರುತ್ತಿತ್ತು. ಕೋಟೆ ಸುತ್ತ ನೀರು ಎಂದು ಕೂಗು, ಒಳಗಿನಿಂದ ಗುಟುಕು.

"ಕಿವಿಗೆ ಕುರಿಕೊಬ್ಬು ಮೆತ್ಕೊಂಡಿದ್ಯಾ ಉಸ್ತಾದ್?" ಎಂದು ಜಿನ್‌ಲಾನ್ ಹರಿಹಾಯುತ್ತಿದ್ದಳು. "ಗಿರಾಕಿ ಕೇಳೋದೇ ಒಂದು, ನೀವು ಮಾಡೋದೇ ಇನ್ನೊಂದು. ಬೈಸ್ಕೊಳ್ಳೋದು ನಾನು."

"ಉಂಡ್ರಾ?"

"ಉಂಡ್ರು."

"ಮತ್ತೇನು."

ಯಾರ ಬಟ್ಟಲು, ಹೇಗಿದ್ದಾರೆ, ಒಂದು ಮಾತು ಕೇಳಿದ್ದರೆ ಜಿನ್‌ಲಾನ್ ಹುಟ್ಟಿದೂರಿನಿಂದ ಹಿಡಿದು ಚಪ್ಪಲಿಯ ಬಣ್ಣದವರೆಗೆ ಹೇಳುತ್ತಿದ್ದಳು. ಅವನು ಕೇಳಲಿಲ್ಲ. ಕಿಂಡಿಯಲ್ಲಿ ಬಗ್ಗಿ ನೋಡಲೂ ಇಲ್ಲ. ಕಾರಣವಿಷ್ಟೇ: ತಾನು ಕಂಡರೆ ಅವಳು ಎದ್ದು ಹೋಗುತ್ತಾಳೆ. ಒಂದು ಸಲ ಎದ್ದರೆ ಮತ್ತೆ ಈ ಓಣಿಗೆ ಬರುವವಳಲ್ಲ, ಅಷ್ಟು ಹಟದವಳು. ಕಾಣದೆ ಒಳಗಿದ್ದರೆ ವಾರಕ್ಕೊಂದು ಬಟ್ಟಲಾದರೂ ಉಳಿಯುತ್ತದೆ. ಹೊರಗಿನವರ ಜೊತೆ ಅವಳೇಕೆ ಬರುತ್ತಾಳೆ ಎಂಬ ಪ್ರಶ್ನೆ ಒಮ್ಮೆ ಬಂದಿತ್ತು. ಮೂಲೆಯಲ್ಲಿ ಮರೆಯಾಗಿ ಕೂರಲು ಅವರ ಗಲಾಟೆ ಅನುಕೂಲ ಎಂದು ತಾನೇ ಉತ್ತರ ಕೊಟ್ಟುಕೊಂಡ. ಇಡೀ ವಾರ ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ. ಗುರುವಾರ ಮಾತ್ರ, ಬಟ್ಟಲು ಬರುವವರೆಗೆ, ಸಣ್ಣಗೆ ಹೆದರಿಕೆ ಆಗುತ್ತಿತ್ತು. ಅದನ್ನೇ ಅವನು ಸುಖ ಎಂದು ತಿಳಿದಿದ್ದನೋ ಏನೋ.

ಈ ಬೇಸಿಗೆಯಲ್ಲಿ ಅಂಗಡಿಯ ಯಜಮಾನ ಜಿಯಾ ಒಂದು ಯಂತ್ರ ತಂದ. ರೊಟ್ಟಿ ಹಾಕಿ ಗುಂಡಿ ಒತ್ತಿದರೆ ಚೂರು ಚೂರಾಗಿ ಉದುರುತ್ತದೆ. ಅಡುಗೆಮನೆಯಲ್ಲಿ ಅದನ್ನು ನಿಲ್ಲಿಸಿ, ಹೊಸ ಅಳಿಯನನ್ನು ತೋರಿಸುವ ಹಾಗೆ ಎಲ್ಲರಿಗೂ ತೋರಿಸಿದ.

"ಗುಂಪಲ್ಲಿ ಬರೋರಿಗೆ ಚಿವುಟೋ ಪುರುಸೊತ್ತೆಲ್ಲಿದೆ? ಒಂದು ದಿನದಲ್ಲಿ ಹತ್ತು ಅಂಗಡಿ ಸುತ್ಬೇಕು ಅವರು. ಬರೋ ವಾರದಿಂದ ಗುಂಪಿನೋರಿಗೆಲ್ಲ ಇದರದ್ದೇ ಚೂರು" ಎಂದ.

"ಬೇಡ" ಎಂದಿತು ಒಲೆಯ ಕಡೆಯಿಂದ ಒಂದು ದನಿ.

ಎಲ್ಲರೂ ತಿರುಗಿ ನೋಡಿದರು. ಪಕ್ಕದ ಒಲೆಯವನ ಕೈಯಿಂದ ಸೌಟು ಜಾರಿತು. ಮು ಬಾಯಿ ಬಿಟ್ಟಿದ್ದ!

"ಯಾಕಪ್ಪ ಬೇಡ?" ಎಂದು ಕೇಳಿದ ಜಿಯಾ.

ಮು ತಿರುಗಿ ಬಾಣಲೆ ಅಲ್ಲಾಡಿಸಿದ.

"ನೀನು ಮಾತಾಡಿದ್ದೇ ಹಬ್ಬ ಕಣಯ್ಯ, ಅದಕ್ಕೆ ಇವತ್ತು ಎಲ್ಲರಿಗೂ ಚಹಾ ಕೊಡಿಸ್ತೀನಿ. ಆದ್ರೆ ಯಂತ್ರ ಯಂತ್ರಾನೇ" ಎಂದು ಜಿಯಾ ಭುಜ ತಟ್ಟಿ ಹೋದ.

ಯಂತ್ರದ ಚೂರಿಗೆ ಯಾರ ಗುರುತೂ ಇರುವುದಿಲ್ಲ. ಇನ್ನು ಸುಯೂನ್ ಬಂದರೂ ಬರದಿದ್ದರೂ ಅವನಿಗೆ ತಿಳಿಯುವಂತಿಲ್ಲ. ಉಳಿದದ್ದು ಒಂದೇ ಗುರುವಾರ. ಹೊರಗೆ ಹೋದರೆ ಅವಳು ಎದ್ದು ಹೋಗುತ್ತಾಳೆ, ಹೋಗದಿದ್ದರೆ ಬಟ್ಟಲು ಹೋಗುತ್ತದೆ. ಅಲ್ಲಿಯವರೆಗೆ ಮು ಇದನ್ನೇ ಅಗಿದ. ನಮಾಜಿನಲ್ಲೂ ಮನಸ್ಸು ನಿಲ್ಲಲಿಲ್ಲ.

ಗುರುವಾರ ಬಟ್ಟಲು ಬಂತು. ಸಣ್ಣ ಚೂರು, ಮೇಲೆ ಎರಡು ನಡು.

"ಹದಿನೇಳು, ಕೋಟೆ ಸುತ್ತ ನೀರು. ಇವತ್ತಾದ್ರೂ ಕೇಳಿಸ್ತಾ ಉಸ್ತಾದ್?" ಎಂದಳು ಜಿನ್‌ಲಾನ್.

ಅವನು ಗುಟುಕೇ ಮಾಡಿದ. ಬಟ್ಟಲನ್ನು ಕಿಂಡಿಯಲ್ಲಿಡಲಿಲ್ಲ. ಉರಿ ತಗ್ಗಿಸಿದ, ಕೈ ಒರೆಸಿಕೊಂಡ, ಬಿಳಿ ಟೋಪಿ ಸರಿಮಾಡಿಕೊಂಡ, ಬಟ್ಟಲು ಎತ್ತಿಕೊಂಡು ಹಜಾರದ ಬಾಗಿಲು ತಳ್ಳಿದ.

"ಎಲ್ಲಿಗೆ?" ಎಂದ ಪಕ್ಕದ ಒಲೆಯವನು.

ಹಜಾರದಲ್ಲಿ ಜಾತ್ರೆ. ಗುವಾಂಗ್‌ಝೌ ಕಡೆಯ ಗುಂಪು ಎರಡು ಮೇಜು ಹಿಡಿದು ಕೂತಿತ್ತು. ಒಬ್ಬನ ಮುಂದೆ ಬೀದಿಯಿಂದ ತಂದ ಸುಟ್ಟ ಮಾಂಸದ ಕಡ್ಡಿಗಳು, ಇನ್ನೊಬ್ಬಳ ಕೈಯಲ್ಲಿ ದಾಳಿಂಬೆ ರಸ, ಎಲ್ಲರ ಫೋನೂ ಬಟ್ಟಲುಗಳ ಮೇಲೆ. ಮು ಮೂಲೆಗಳನ್ನು ನೋಡಿದ. ಐವತ್ತು ದಾಟಿದ ಹೆಂಗಸೊಬ್ಬಳು ಕಂಡಳು, ಅವಳ ಕಡೆ ಎರಡು ಹೆಜ್ಜೆ ಇಟ್ಟ. ಅವಳು ತಿರುಗಿದಾಗ ನೋಡಿದರೆ ಬೇರೆ ಯಾರೋ.

"ಹದಿನೇಳು ಯಾರ್ದು?" ಎಂದು ಕೇಳಿದ. ದನಿ ತನ್ನದಲ್ಲ ಅನ್ನಿಸಿತು.

"ನಂದು!"

ಕೈಯಲ್ಲಿ ಸಣ್ಣ ಹಳದಿ ಬಾವುಟ ಹಿಡಿದಿದ್ದ ಹುಡುಗಿ. ಗುಂಪಿನವರಿಗೆ ಓಣಿ ಓಣಿಯ ತಿನಿಸು ತೋರಿಸುವವಳು. ಯಾವುದು ಎಲ್ಲಿ ಒಳ್ಳೆಯದು, ಹೇಗೆ ತಿನ್ನಬೇಕು ಎಂದು ಅಲ್ಲಿಯವರೆಗೂ ಅವರಿಗೆ ಪಾಠ ಮಾಡುತ್ತಿದ್ದಳು. "ಕಲಸ್ಬೇಡಿ ಅಣ್ಣ, ಅಂಚಿಂದ ತಿನ್ಕೊಂಡು ಬನ್ನಿ" ಎಂದು ಪಕ್ಕದವನ ಕೈ ತಡೆದು, ಮುವಿನ ಕಡೆ ತಿರುಗಿದಳು.

"ನೀವೇನಾ ಉಸ್ತಾದ್? ಕೊನೆಗೂ ದರ್ಶನ ಆಯ್ತಲ್ಲ! ಎಲ್ಲಿ, ನೋಡಣ." ಬಟ್ಟಲಿಗೆ ಬಗ್ಗಿದಳು. "ಇವತ್ತೂ ಗುಟುಕು! ಚಳಿಗಾಲದಿಂದ ಕೋಟೆ ಸುತ್ತ ನೀರು ಅಂತ ಗಂಟಲು ಹರ್ಕೋತಿದೀನಿ. ನನ್ನ ಮೇಲೇನಾದ್ರೂ ಸಿಟ್ಟಾ?"

ಗುಂಪು ನಕ್ಕಿತು. ಮು ಅವಳ ಬೆರಳು ನೋಡುತ್ತಿದ್ದ. ಉಗುರಿನ ಸಂದಿಯಲ್ಲಿ ರೊಟ್ಟಿಯ ಪುಡಿ ಸಿಕ್ಕಿಕೊಂಡಿತ್ತು.

"ಹೀಗೆ ಚಿವುಟೋದು ಯಾರು ಕಲಿಸಿದ್ರು?"

"ಅಮ್ಮ. ನಡು ಮುರೀಬಾರ್ದು, ಅದು ನಂದು. ಈಗ ಅಮ್ಮ ಊರಲ್ಲಿ, ನಾನು ಇಲ್ಲಿ. ಅದಕ್ಕೆ ನಾನೇ ಉಳಿಸ್ತೀನಿ, ನಾನೇ ತಿಂತೀನಿ."

"ಅಮ್ಮ ಹೇಗಿದಾರೆ?"

ಅಡುಗೆಯವರು ಇಂಥದನ್ನು ಕೇಳುವುದಿಲ್ಲ. ಆದರೂ ಅವಳು ವಯಸ್ಸಾದವರ ಉಪಚಾರದ ಮಾತು ಅಂದುಕೊಂಡಳು. "ಇದಾರೆ. ಮಾವನ ಹಿಟ್ಟಿನಂಗಡಿ ನೋಡ್ಕೊತಾರೆ. ಮಂಡಿನೋವು, ಮೆಟ್ಟಲು ಹತ್ತಕ್ಕಾಗಲ್ಲ. ಬಾಯಿ ಮಾತ್ರ ನಾಲ್ಕು ಜನದ್ದಿದೆ."

"ಅಪ್ಪ?"

"ಇಲ್ಲ. ನಾನು ಚಿಕ್ಕೋಳಿದ್ದಾಗಲೇ ತೀರ್ಕೊಂಡ್ರಂತೆ. ಅವರೂ ಅಡುಗೆಯವರೇ ಅಂತೆ, ಇದೇ ಊರಲ್ಲಿ. ಅಮ್ಮ ಅಷ್ಟೇ ಹೇಳೋದು."

ಸುಯೂನ್ ಸುಳ್ಳು ಹೇಳಿದಳು ಎಂದು ಮುವಿಗೆ ಕೋಪ ಬರಲಿಲ್ಲ. ಆ ಬಚ್ಚಲಿನ ಬಾಗಿಲಲ್ಲಿ ನಿಂತು ಅವಳು ನೋಡಿದ್ದೇನು ಎಂದು ಅವನಿಗೆ ಗೊತ್ತಿತ್ತು. ಅದನ್ನು ಸತ್ತವನು ಅನ್ನದೆ ಇನ್ನೇನನ್ನಬೇಕು?

"ಉಸ್ತಾದ್ ಜೊತೆ ಒಂದು ಫೋಟೋ!" ಎಂದ ಗುಂಪಿನ ಒಬ್ಬ. "ಗೈಡಮ್ಮ, ಪಕ್ಕಕ್ಕೆ ನಿಂತ್ಕೊಳ್ಳಿ. ಹತ್ರ, ಹತ್ರ. ಉಸ್ತಾದ್, ಸ್ವಲ್ಪ ನಗ್ರೀ, ಕಾಸು ಕೇಳಲ್ಲ!" ಹುಡುಗಿ ಬಂದು ಅವನ ತೋಳಿಗೆ ತೋಳು ತಾಗಿಸಿ ನಿಂತಳು. ಮು ಬಟ್ಟಲು ಹಿಡಿದು ಮರದ ಹಾಗೆ ನಿಂತಿದ್ದ. ಫೋಟೋ ಆಯಿತು. ಎಲ್ಲರೂ ತಮ್ಮ ತಮ್ಮ ಬಟ್ಟಲಿಗೆ ತಿರುಗಿದರು. ಅವನು ಬಟ್ಟಲನ್ನು ಮೇಜಿನ ಮೇಲಿಟ್ಟು ಒಳಗೆ ಹೋಗಬಹುದಿತ್ತು, ಒಲೆ ಅಲ್ಲೇ ಇತ್ತು, ಯಾರೂ ಏನೂ ಕೇಳುತ್ತಿರಲಿಲ್ಲ.

"ಸತ್ತಿಲ್ಲ" ಎಂದ.

"ಯಾರು?"

"ನಿಮ್ಮಪ್ಪ. ಯಾನ್‌ಯಾನ್, ನಿಮ್ಮಪ್ಪ ಸತ್ತಿಲ್ಲ."

ಹುಡುಗಿಯ ಮುಖದ ನಗು ಇದ್ದಲ್ಲೇ ಇತ್ತು, ಕಣ್ಣಲ್ಲಿ ಮಾತ್ರ ಇರಲಿಲ್ಲ. ಆ ಹೆಸರು ಅವಳ ಕೆಲಸದ ಚೀಟಿಯಲ್ಲಿಲ್ಲ, ಗೆಳತಿಯರಿಗೂ ಗೊತ್ತಿಲ್ಲ. ಮನೆಯಲ್ಲಿ ಅಮ್ಮ ಮಾತ್ರ ಕರೆಯುವ ಹೆಸರು. ಅವಳು ಅವನ ಮುಖ ನೋಡಿದಳು, ಬಟ್ಟಲು ನೋಡಿದಳು, ಮತ್ತೆ ಮುಖ ನೋಡಿದಳು. ಬಾವುಟವನ್ನು ಮೇಜಿನ ಮೇಲಿಟ್ಟಳು.

"ಚಳಿಗಾಲದಿಂದ ಬರ್ತಿದೀನಿ ನಾನು" ಎಂದಳು ಮೆಲ್ಲಗೆ. "ಬಟ್ಟಲು ನೋಡಿದ್ರೆ ನಿಮಗೆ ಗೊತ್ತಾಗ್ತಿತ್ತು. ಗೊತ್ತಿದ್ದೂ ಹೊರಗೆ ಬರ್ಲಿಲ್ವಾ?"

"ನಿಮ್ಮಮ್ಮ ಅಂದ್ಕೊಂಡಿದ್ದೆ. ನನ್ನ ನೋಡಿದ್ರೆ ಎದ್ದು ಹೋಗ್ತಾಳೆ ಅಂತ..."

ಅಷ್ಟರಲ್ಲಿ ಗುಂಪಿನವರು ಬಾಯಿ ಒರೆಸಿಕೊಂಡು ಏಳತೊಡಗಿದ್ದರು. "ಗೈಡಮ್ಮ, ಮುಂದೆ ಆ ಒಣಬೋರೆ ಹಾಕಿದ ಅಂಟಕ್ಕಿ ತಿಂಡಿ ಅಲ್ವಾ? ನಡೀರಿ, ಹೊಟ್ಟೇಲಿ ಇನ್ನೂ ಜಾಗ ಇದೆ" ಎಂದ ಫೋಟೋ ತೆಗೆದವನು. ಹುಡುಗಿ ಬಾವುಟ ಎತ್ತಿಕೊಂಡು ಬಾಗಿಲ ಕಡೆ ನಡೆದಳು.

ಆಗ ಬಂತು ನೋಡಿ. ಅಪ್ಪ ಸತ್ತಾಗ ಬರದದ್ದು, ಸುಯೂನ್ ಹೋದಾಗ ಬರದದ್ದು. ಮು ಮೇಜಿನ ಅಂಚು ಹಿಡಿದುಕೊಂಡ. ಇದು ನೋವು ಎಂದು ಅವನಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಯಾನ್‌ಯಾನ್ ಬಾಗಿಲಲ್ಲಿ ನಿಂತು ಗುಂಪಿನವರಿಗೆ ಏನೋ ಹೇಳಿದಳು, ಬಾವುಟವನ್ನು ಫೋಟೋದವನ ಕೈಗೆ ಕೊಟ್ಟು ಬೀದಿಯ ಕಡೆ ಬೆರಳು ತೋರಿಸಿದಳು. ಅವರು ಹೋದರು. ಅವಳು ವಾಪಸ್ಸು ಬಂದು ತನ್ನ ಬಟ್ಟಲಿನ ಮುಂದೆ ಕೂತಳು.

"ಕೂತ್ಕೊಳ್ಳಿ" ಎಂದಳು.

ಅವನು ಕೂತ. ಅಂಗಡಿಯ ಆ ಕುರ್ಚಿಗಳಲ್ಲಿ ಅವನು ಕೂತದ್ದು ಅದೇ ಮೊದಲು.

"ಅಮ್ಮ ಯಾಕೆ ಬಿಟ್ಟು ಹೋದ್ರು?"

"ನಾನು ಮಾತಾಡ್ತಿರ್ಲಿಲ್ಲ."

"ಅಷ್ಟಕ್ಕೇನಾ?"

"ಅಷ್ಟಕ್ಕೇ."

"ಹಾಗಾದ್ರೆ ಈಗ ಮಾತಾಡಿ."

ಮುವಿಗೆ ಹೇಳಬೇಕಾದದ್ದು ಒಂದು ಗಾಡಿ ತುಂಬ ಇತ್ತು, ಎಲ್ಲಿಂದ ಇಳಿಸುವುದೋ ಗೊತ್ತಾಗಲಿಲ್ಲ. ಬಟ್ಟಲಿನ ಆವಿ ಇಬ್ಬರ ನಡುವೆ ಏಳುತ್ತಿತ್ತು. ಅವಳು ಕಾಯುತ್ತಿದ್ದಳು, ಅವರಮ್ಮ ಅಂದು ಬಾಗಿಲಲ್ಲಿ ಕಾದ ಹಾಗೆಯೇ. ಈ ಸಲ ಮಾತ್ರ ಅವನಿಗೆ ಅದು ಕಂಡಿತು.

"ಮಂಡಿನೋವು ಅಂದ್ಯಲ್ಲ" ಎಂದ ಕೊನೆಗೆ. "ಯಾವ ಕಾಲು?"

"ಎಡಗಾಲು" ಎಂದಳು ಯಾನ್‌ಯಾನ್. ಅಷ್ಟು ಹೇಳುವುದರೊಳಗೆ ಅವಳಿಗೆ ಅಳು ಬಂದುಬಿಟ್ಟಿತು.

"ಉಸ್ತಾದ್! ಒಳಗೆ ಬಟ್ಟಲು ಸಾಲು ಹಿಡಿದಿದೆ, ಜನ ಬಾಯಿಗೆ ಬಂದ ಹಾಗೆ ಬೈತಿದಾರೆ!" ಎಂದು ಕಿಂಡಿಯ ಹತ್ತಿರದಿಂದ ಜಿನ್‌ಲಾನ್ ಕೂಗಿದಳು. ಮತ್ತೊಮ್ಮೆ ಕೂಗಿದಳು. ಮು ಏಳಲಿಲ್ಲ.